ಡೈರೆಕ್ಟರ್ ಗುರುದೇವಿ

ಪರಪ್ಪನ ತಮ್ಮ ಶಶಿಧರ ಟೀವಿಯಲ್ಲಿ ರೊಟ್ಟಿ ಬಡಿದು ಹೆಸರು ಮಾಡಿದವನು. ಇಲ್ಲಿಯ ಬ್ರಿಟಿಷ್ ಟೀವಿಯ ಅಡುಗೆ ಸ್ಪರ್ಧೆಯೊಂದರಲ್ಲಿ ಎಣಗಾಯಿ ಮಾಡಿ ಗೆದ್ದ ಮೇಲೆ ಗ್ರೀನ್‌ಫರ್ಡ್‌ನಿಂದ ಕ್ರೋಯ್ಡನ್‌ವರೆಗೆ ಅವನ ಮುಖ ಗೊತ್ತಿಲ್ಲದವರಿಲ್ಲ. ಅವನ ಹೋಟೆಲ್ ಕಂಪನಿಗೆ ಡೈರೆಕ್ಟರ್ ಮಾತ್ರ ಪರಪ್ಪನ ಹೆಂಡತಿ ಗುರುದೇವಿ. ಯಾಕೆ ಅಂದಿರಾ? ಮನೆಯ ಲಕ್ಷ್ಮಿ ಹೆಸರಲ್ಲಿ ಶುರು ಮಾಡಿದರೆ ಶುಭ ಅಂತ. ವಿಜಯಪುರದಲ್ಲಿ ಅಣ್ಣತಮ್ಮಂದಿರ ಅಪ್ಪ ಕಾಳಿನ ಅಂಗಡಿ ಇಟ್ಟಾಗಲೂ ಬೋರ್ಡಿನ ಮೇಲೆ ಅವ್ವನ ಹೆಸರೇ ಬರೆಸಿದ್ದ. ಆ ಬೋರ್ಡು ನೋಡಿ ಅವ್ವನನ್ನು ಯಾರೂ ಕೋರ್ಟಿಗೆ ಕರೆದಿರಲಿಲ್ಲ. ಇಲ್ಲಿ ಕಂಪನಿಯ ಫಾರ್ಮಿಗೆ ಅರಿಶಿನ ಕುಂಕುಮ ಹಚ್ಚಿ, ಶಶಿ ಬೆರಳಿಟ್ಟು ತೋರಿಸಿದಲ್ಲೆಲ್ಲ ಗುರುದೇವಿ ಸಹಿ ಹಾಕಿದಳು. ಹಾಕಿ, ಎಂದಿನಂತೆ ಶಾಲೆಯ ಕ್ಯಾಂಟೀನಿನ ಕೆಲಸಕ್ಕೆ ಹೋದಳು. ಕಂಪನಿಯಿಂದ ಒಂದು ಪೌಂಡೂ ಅವಳ ಕೈಗೆ ಬರಲಿಲ್ಲ.

ಕೊರೊನಾ ಕಾಲದಲ್ಲಿ ಸಣ್ಣಪುಟ್ಟ ವ್ಯಾಪಾರದವರಿಗೆ ಸರ್ಕಾರ ಸಾಲ ಕೊಡಿಸಿತಲ್ಲ, ಆಗ ಶಶಿ ವ್ಯಾಪಾರವನ್ನು ನಾಲ್ಕು ಪಟ್ಟು ಹಿಗ್ಗಿಸಿ ಬರೆದು ಸಾಲ ಎತ್ತಿದ. ಆ ದುಡ್ಡನ್ನು ಎಜ್‌ವೇರ್‌ನಲ್ಲಿ ತನ್ನ ಮನೆಗೆ ಸುರಿದ. ಅರ್ಜಿಯ ಕೆಳಗಿದ್ದದ್ದು, ಅವನು ತೋರಿಸಿದಲ್ಲಿ ಗುರುದೇವಿ ಹಾಕಿದ ಡೈರೆಕ್ಟರ್ ಸಹಿ. ಹಾಗಾಗಿ ತನಿಖೆಯವರ ಕಾಗದ ಬಂದದ್ದು ಗುರುದೇವಿಗೆ.

ಕಾಗದ ಬಂದ ಸಂಜೆಯೇ ಶಶಿ ಅಣ್ಣ ಅತ್ತಿಗೆಯ ಮನೆಗೆ ಓಡಿ ಬಂದ. ಯಾರಾದರೂ ಗುರುತು ಹಿಡಿದಾರು ಅಂತ ಟೊಪ್ಪಿಗೆಯನ್ನು ಕಣ್ಣಿನ ತನಕ ಎಳೆದುಕೊಂಡಿದ್ದ.

"ವೈನಿ, ನನ್ನ ಹೆಸರು ಹೊರಗ ಬಂದ್ರ ಪೇಪರಿನವ್ರು ಹರಕೊಂಡು ತಿಂತಾರ. ನಾಕು ಮಂದಿಗೆ ಪಾಠ ಆಗ್ಲಿ ಅಂತ ಹೆಸರಾದವ್ರನ್ನ ಒಳಗ ಹಾಕ್ತಾರ. ನೀವು ಹೆಣ್ಮಗಳು. ತಪ್ಪಾತು ಅಂದ್ರ ಎಚ್ಚರಿಕಿ ಕೊಟ್ಟು ಬಿಡ್ತಾರ. ಸಾಲಾ ನಾ ತೀರಸ್ತೀನಿ."

ಗುರುದೇವಿ ಗಂಡನ ಮುಖ ನೋಡಿದಳು. ಪರಪ್ಪ ಬಸ್ ಓಡಿಸುವವನು. ಡಿಪೋದಲ್ಲಿ ಅವನನ್ನು ಪರಪ್ಪ ಅಂತ ಕರೆಯುವವರೇ ಇಲ್ಲ, ಎಲ್ಲರಿಗೂ ಅವನು ಟೀವಿ ಶಶಿಯ ಅಣ್ಣ. ಆ ಮರ್ಯಾದೆಯ ರುಚಿ ಅವನಿಗೆ ಚೆನ್ನಾಗಿ ಹತ್ತಿತ್ತು.

"ಖರೇ ಐತಿ," ಅಂದ. "ಹೆಂಗಸರ ಮ್ಯಾಲೆ ಇಲ್ಲಿ ಅಷ್ಟು ಬಿಗಿ ಮಾಡೂದಿಲ್ಲ. ಎಲ್ಲಾ ನಾನ ಮಾಡೀನಿ ಅಂದುಬಿಡು."

ಅವಳು ಹಾಗೇ ಅಂದಳು. ಇದರಲ್ಲಿ ಬೇರೆ ಯಾರಾದರೂ ಇದ್ದಾರಾ ಅಂತ ತನಿಖೆಯವರು ಮೂರು ಸಲ ಕೇಳಿದರು. ಮೂರು ಸಲವೂ ಇಲ್ಲ ಅಂದಳು.

ಎಂಟು ತಿಂಗಳಾದ ಮೇಲೆ ಗಂಡ ಹೆಂಡತಿ ಕ್ರೌನ್ ಕೋರ್ಟಿನ ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಅವಳ ವಕೀಲೆ ಸೌಜನ್ಯಾ, ಬೆಂಗಳೂರಿನವಳು, ಫೈಲು ಹಿಡಿದು ಬಂದಳು.

"ಆಂಟಿ, ಇವತ್ತು ತಪ್ಪು ಒಪ್ಕೊಂಡ್ರೂ ಜೈಲು ತಪ್ಪೋದು ಕಷ್ಟ. ಎರಡು ವರ್ಷದ ಮೇಲೇ ಆಗಬಹುದು."

ಪರಪ್ಪ ಬೆಂಚಿನಿಂದ ಎದ್ದ. "ಹೆಣ್ಮಗಳಲ್ರೀ ಮೇಡಮ್ ಆಕಿ?"

"ಅಂಕಲ್, ಸಹಿ ಅವರದು. ಮೇಲೆ ನಿಮ್ಮ ತಮ್ಮ ಸರ್ಕಾರದ ಕಡೆ ಸಾಕ್ಷಿ. ಲೆಕ್ಕ ಎಲ್ಲಾ ಅತ್ತಿಗೇನೇ ನೋಡ್ತಿದ್ರು, ನನಗೆ ಅಡುಗೆ ಬಿಟ್ರೆ ಬೇರೆ ಗೊತ್ತಿರ್ಲಿಲ್ಲ ಅಂತ ಬರ್ಕೊಟ್ಟಿದ್ದಾರೆ."

ಭಂಡ. ಹೋಟೆಲ್ ಎದ್ದು ನಿಲ್ಲುವವರೆಗೆ ಇದೇ ವೈನಿ ಬಡಿಸಿದ ಊಟ ಉಂಡು ಅವಳ ಮನೆಯ ಸೋಫಾದ ಮೇಲೆ ಮಲಗಿದವನು ಅವನು.

"ಖರೇ ಹೇಳಿಬಿಡು ಗುರುದೇವಿ," ಪರಪ್ಪ ತಡವರಿಸಿದ. "ಅವನ ಹೆಸರು ಹೇಳು. ಈ ದೇಶದಾಗ ಹೆಸರಾದವ್ರಿಗೆ ಒಂದು ನ್ಯಾಯ, ಹೆಂಗಸರಿಗೆ ಒಂದು ನ್ಯಾಯ..."

"ಈ ದೇಶದ ಮ್ಯಾಲೆ ಹಾಕಬ್ಯಾಡ್ರಿ," ಅಂದಳು ಗುರುದೇವಿ. ದನಿ ಏರಿಸಲಿಲ್ಲ. "ಅವ್ರು ನನ್ನ ಮೂರು ಸಲ ಕೇಳಿದ್ರು. ಹೆಸರಾದಾಂವ ಉಳೀಬೇಕು, ಹೆಂಗಸು ಹೋದ್ರ ನಡೀತೈತಿ ಅಂತ ತೀರ್ಮಾನ ಆಗಿದ್ದು ನಮ್ಮ ಮನ್ಯಾಗ. ಮಾಡಿದವ್ರು ನೀವಿಬ್ರು."

ಸೌಜನ್ಯಾ ಫೈಲು ಮುಚ್ಚಿದಳು. "ಒಂದ್ನಿಮಿಷ. ಸುಳ್ಳು ಹೇಳಿ ಅಂತ ನಿಮಗೆ ಹೇಳಿದ್ದು ಯಾರು? ಹಾಗೆ ಹೇಳಿಸೋದೇ ಒಂದು ಅಪರಾಧ, ಗೊತ್ತಲ್ಲ?"

ನಾನು ಅಂತ ಪರಪ್ಪ ಒಂದು ಮಾತು ಅಂದರೆ ಮುಗಿಯುತ್ತಿತ್ತು. ಅವನು ಗೋಡೆಯ ಮೇಲಿನ ಕೇಸುಗಳ ಪಟ್ಟಿ ಓದತೊಡಗಿದ. ಅಷ್ಟರಲ್ಲಿ ಒಳಗಿನಿಂದ ಗುರುದೇವಿಯ ಹೆಸರು ಕರೆದರು.

ಅವಳನ್ನು ಆರೋಪಿಯ ಕಟಕಟೆಯಲ್ಲಿ, ಗಾಜಿನ ಹಿಂದೆ ನಿಲ್ಲಿಸಿದರು. ಆರೋಪ ಓದಿ, ಒಪ್ಪುತ್ತೀರಾ ಇಲ್ಲವಾ ಅಂತ ಕೇಳಿದರು. ಪರಪ್ಪ ಹಿಂದೆ ಜನರ ಬೆಂಚಿನ ಮೇಲೆ ಕೂತು ನೋಡುತ್ತಿದ್ದ.

"ನಾಟ್ ಗಿಲ್ಟಿ," ಅಂದಳು ಗುರುದೇವಿ, ಎಲ್ಲರಿಗೂ ಕೇಳುವ ಹಾಗೆ.

ಸೌಜನ್ಯಾ ಎದ್ದು, ನನ್ನ ಕಕ್ಷಿದಾರರ ಬಾಯಲ್ಲಿ ಮನೆಯವರೇ ಸುಳ್ಳು ಹೇಳಿಸಿದ್ದಾರೆ, ಹೊಸ ಹೇಳಿಕೆ ಕೊಡುತ್ತಾರೆ ಅಂದಳು. ಯಾರು ಆ ಮನೆಯವರು ಅಂತ ನ್ಯಾಯಾಧೀಶರು ಕೇಳಿದರು. ಹೇಳಿಕೆಯಲ್ಲಿ ಹೆಸರುಗಳು ಇರುತ್ತವೆ ಅಂದಳು.

ಹೆಂಡತಿ ಉಳಿಯಲು ಇನ್ನೂ ದಾರಿಯಿದೆ ಅಂತ ಪರಪ್ಪನಿಗೆ ಸಂತೋಷವಾಗಬೇಕಿತ್ತು. ಆಯಿತು, ಇಲ್ಲ ಅಂತ ಯಾಕೆ ಹೇಳಲಿ. ಆದರೆ ಅದಕ್ಕೂ ಮೊದಲು, ನನ್ನ ಹೆಸರೂ ಹೇಳುತ್ತಾಳೋ ಏನೋ ಅನ್ನುವ ಹೆದರಿಕೆ ಬಂತು. ಅದು ಅವನ ಮುಖದ ಮೇಲೆ ಬಂದದ್ದನ್ನು ಗುರುದೇವಿ ಗಾಜಿನ ಆಚೆಯಿಂದ ನೋಡಿದಳು. ನೋಡಿ, ನ್ಯಾಯಾಧೀಶರ ಕಡೆ ತಿರುಗಿದಳು.