ಖಾಲಿ ಪೆಟ್ಟಿಗೆಯ ಶಾಟ್

ಅಥೆನ್ಸಿನ ಸ್ಟುಡಿಯೋಗಳಲ್ಲಿ ಹದಿನೈದು ವರ್ಷ ಹಾಡು-ಕುಣಿತದ ಸಿನಿಮಾಗಳಿಗೆ ಧ್ವನಿ ಹಿಡಿದವನು ನಾನು. ಟೀವಿ ಬಂದು ಅವು ಬಾಗಿಲು ಹಾಕಿದ ಮೇಲೆ, ಹೊಸ ನಿರ್ದೇಶಕರ ಹಿಂದೆ ಹಳ್ಳಿ ಹಳ್ಳಿ ಅಲೆಯುವುದು ನನ್ನ ಪಾಲಿಗೆ ಬಂತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಬೇಕೆನ್ನುವ ಜನ. ಅರ್ಗಿರಿಸ್ ಅಂಥವನೇ. ಇಡೀ ದೃಶ್ಯ ಒಂದೇ ಶಾಟಿನಲ್ಲಿ ಆಗಬೇಕು. ಅವನು ‘ಕಟ್’ ಅನ್ನುವವರೆಗೆ ಕ್ಯಾಮೆರಾ ನಿಲ್ಲಬಾರದು.

ಸೈನಿಕರ ಸರ್ಕಾರ ಬಿದ್ದ ಮರುವರ್ಷ ಗ್ರೀಸಿನ ದಕ್ಷಿಣ ತುದಿಯ ಮಾನಿ ಸೀಮೆಯ ಕಲ್ಲುಗುಡ್ಡಗಳ ನಡುವಿನ ಅವನ ಹುಟ್ಟೂರಿಗೇ ಹೋದೆವು. ಅಂತರ್ಯುದ್ಧದ ಕಾಲದಲ್ಲಿ ಅಲ್ಲಿಯ ಕಲ್ಲಿನ ಗೋಪುರದ ಮನೆಯೊಂದರಲ್ಲಿ ಅಡಗಿದ್ದ ಪಾನಗೋಸ್ ಎಂಬ ಬಂಡುಕೋರ ಯುವಕನನ್ನು ಯಾರೋ ಸೈನ್ಯಕ್ಕೆ ಹಿಡಿದುಕೊಟ್ಟಿದ್ದರು. ಹೆಣವೂ ಮನೆಗೆ ಬರಲಿಲ್ಲ. ಹಿಡಿದುಕೊಟ್ಟವರು ಯಾರು? ಅದೇ ಅರ್ಗಿರಿಸನ ಸಿನಿಮಾ. ಆರು ತಿಂಗಳು ಮನೆಮನೆ ಸುತ್ತಿ ಕೇಳಿದರೂ ಊರು ಬಾಯಿ ಬಿಟ್ಟಿರಲಿಲ್ಲ.

ಪಾನಗೋಸನ ಅಕ್ಕ ಗರೂಫಾಲ್ಯಾ, ಸತ್ತವರ ಮುಂದೆ ಹಾಡಿ ಅಳುವುದರಲ್ಲಿ ಸೀಮೆಗೇ ಹೆಸರಾದವಳು. ತಮ್ಮನ ಶವದ ಮುಂದೆ ಅಳುವ ದೃಶ್ಯಕ್ಕೆ ಅರ್ಗಿರಿಸ್ ಅವಳನ್ನೇ ಕರೆಸಿದ್ದ. ಪಾನಗೋಸನ ವೇಷದಲ್ಲಿ ಶವಪೆಟ್ಟಿಗೆಯಲ್ಲಿ ಮಲಗಿದ್ದ ನಟನನ್ನು ನೋಡಿದ್ದೇ ರೇಗಿದಳು.

“ಎದ್ದೇಳೋ ಕತ್ತೆ! ಬದುಕಿರೋನ ಮುಂದೆ ನಾನು ಅತ್ರೆ ನಾಳೆ ನಿಜವಾಗ್ಲೂ ಸಾಯ್ತೀಯ!”

ನಟ ಚಂಗನೆ ಎದ್ದ. ಮುದುಕಿ ತಮ್ಮನ ಹಳೇ ಕೋಟು ತಂದು ಪೆಟ್ಟಿಗೆಯಲ್ಲಿ ಮಲಗಿಸಿದಳು. ಹೆಣ ಸಿಗದವರಿಗೆ ಬಟ್ಟೆಯ ಮುಂದೆ ಅಳುವುದು ಅಲ್ಲಿನ ಪದ್ಧತಿ. ಆ ಹಾಡಿನಲ್ಲಿ ಸುಳ್ಳು ಹೇಳುವಂತಿಲ್ಲ, ಅದನ್ನು ಯಾರೂ ನಡುವೆ ತಡೆಯುವಂತಿಲ್ಲ. ಅರ್ಗಿರಿಸನಿಗೂ ಇದು ಗೊತ್ತಿತ್ತು. ಅಥೆನ್ಸಿನಲ್ಲಿ ಓದುತ್ತ ಓದುತ್ತ ಮರೆತಿದ್ದ.

“ಸರಿ ಬರ್ಲಿಲ್ಲ ಅಂದ್ರೆ ಮತ್ತೆ ಹಾಡಿಸ್ತಾನೆ ಅಜ್ಜಿ, ಹುಷಾರು,” ಅಂದೆ ನಾನು, ತಮಾಷೆಗೆ.

“ಒಂದೇ ಸಲ ಸಾಕಾಗತ್ತೆ ಬಿಡಪ್ಪ.”

ನೋಡಲು ನೆರೆದ ಊರವರ ಮುಂದೆ, ಕುರ್ಚಿಯಲ್ಲಿ ಅರ್ಗಿರಿಸನ ತಂದೆ ಲಿಕೂರ್ಗೋಸ್ ಕೂತಿದ್ದ. ಮಗನ ಶೂಟಿಂಗ್ ಅಂತ ಹೊಸ ಟೋಪಿ ಬೇರೆ. ಕ್ಯಾಮೆರಾ ಓಡಿತು. ಮುದುಕಿ ಕೋಟಿನ ತೋಳು ಸವರುತ್ತ ದನಿ ಎತ್ತಿದಳು.

“ರೊಟ್ಟಿ ತಂದನಲ್ಲೋ ತಮ್ಮಾ, ನಿನ್ನ ಗೆಳೆಯ ಲಿಕೂರ್ಗೋಸ… ರೊಟ್ಟಿಯ ಹಿಂದೆ ಬಂದೂಕು ತಂದನಲ್ಲೋ…”

ಇಪ್ಪತ್ತೇಳು ವರ್ಷ ಊರು ನುಂಗಿಕೊಂಡಿದ್ದ ಹೆಸರು ನನ್ನ ಟೇಪಿನಲ್ಲಿ ಸುತ್ತುತ್ತಿತ್ತು. ನಾನು ಮೈಕು ಬಿಡಲಿಲ್ಲ.

“ನಿಲ್ಸೋ ಆ ಮಷೀನು!” ಅರ್ಗಿರಿಸನ ಅಪ್ಪ ಎದ್ದು ಕೂಗಿದ. “ಅರ್ಗಿರೀ, ನಿಲ್ಸು ಅಂದ್ನಲ್ಲ!”

ಸುಳ್ಳು ಅಂತ ಮಾತ್ರ ಅನ್ನಲಿಲ್ಲ.

ಕ್ಯಾಮೆರಾದವನು ಅರ್ಗಿರಿಸನ ಮುಖ ನೋಡಿದ. ನಾನೂ ನೋಡಿದೆ. ಸುಣ್ಣದಂತೆ ಬಿಳಿಚಿಕೊಂಡಿದ್ದ. ತುಟಿ ಅಲುಗಿತು, ‘ಕಟ್’ ಎಂಬ ಮಾತು ಬರಲಿಲ್ಲ. ರೀಲು ತಾನಾಗಿ ಮುಗಿದು ಟಪಟಪ ಬಡಿಯುವವರೆಗೆ ಅವಳು ಹಾಡಿದಳು, ಅಪ್ಪ ನಿಂತೇ ಇದ್ದ.

ಗರೂಫಾಲ್ಯಾ ಕೋಟನ್ನು ಮಡಿಚಿ ಕಂಕುಳಲ್ಲಿಟ್ಟುಕೊಂಡು ಅರ್ಗಿರಿಸನ ಬಳಿ ಬಂದಳು.

“ಸರಿ ಬಂತಾ ಮಗಾ? ಇನ್ನೊಂದ್ಸಲ ಹಾಡ್ಲಾ?”

“ಬೇಡಜ್ಜಿ.”

ಆಮೇಲೆ ನನ್ನತ್ತ ತಿರುಗಿದ. “ಅಪ್ಪನ ದನಿ ಬಂದಿದ್ಯಾ ಅಣ್ಣ?”

“ಬಂದಿದೆ ಕಣೋ. ಅಳಿಸ್ಲಾ?”

“ಇರ್ಲಿ,” ಅಂದ. ಅಪ್ಪನ ಎದುರಿಗೇ ಅಂದ.