ಕತ್ತರಿ ಹಾಕುವ ಮೊದಲು

ಕಾಲು ಇಳಿಬಿಟ್ಟು ನೇಯುವ ಮಗ್ಗದ ಗುಂಡಿಯಿಂದ ಎದ್ದು ಬರುವಷ್ಟರಲ್ಲಿ ಹಿರಿಸೊಸೆಗೆ ಸೊಂಟ ಬಿದ್ದುಹೋದಂತಾಗುತ್ತಿತ್ತು. ಅಷ್ಟು ನೋವು ತಿಂದು ನೇಯ್ದ ಬಟ್ಟೆಯೆಲ್ಲ ಮಂಚದ ಮೇಲೆ ರಾಶಿ ಬಿದ್ದಿತ್ತು. ಅಗಲವಾದ, ದಪ್ಪನೆಯ ಹೊದಿಕೆಗಳು. ಅವುಗಳ ಮೇಲೆ ಅತ್ತೆಯ ಕೈಯ ಬಿಳಿ ಚಿತ್ರ: ಕೈಕೈ ಹಿಡಿದು ಸಾಲಾಗಿ ಕುಣಿಯುವ ಹೆಂಗಸರು. ಅತ್ತೆಯ ಬುಡಕಟ್ಟಿನವರು ಹಿಂದೆ ಮನೆಗೋಡೆಯ ಮೇಲೆ ಬರೆಯುತ್ತಿದ್ದ ಚಿತ್ರ ಅದು. ನೋಡಿದವರೆಲ್ಲ "ಆಹಾ" ಎನ್ನುವವರೇ, ಕೊಳ್ಳುವವರು ಮಾತ್ರ ಇಲ್ಲ. ಅಷ್ಟು ದೊಡ್ಡ ಹೊದಿಕೆ ಹೊದ್ದುಕೊಂಡು ಬಸ್ಸು ಹತ್ತಲು ಈಗಿನ ಹೆಣ್ಣುಮಕ್ಕಳಿಗೇನು ಹುಚ್ಚೇ!

ಇದರ ಮೇಲೆ ಪೇಟೆಯ ಅಂಗಡಿಯವನೊಬ್ಬ ಒಂದಿಷ್ಟು ಬಟ್ಟೆ ಒಯ್ದು, ಜಾಕೆಟ್ಟು ಹೊಲಿಸಿ, ಒಂದನ್ನು ನೋಡಲು ಕಳಿಸಿದ. ಚಿತ್ರದ ಒಬ್ಬಳ ತಲೆ ಕಂಕುಳಲ್ಲಿ, ಕಾಲು ಬೆನ್ನಲ್ಲಿ. ಹಿಡಿದ ಕೈಗಳೆಲ್ಲ ಪಕ್ಕದ ಹೊಲಿಗೆಯಲ್ಲಿ ತುಂಡು ತುಂಡು.

"ಒಬ್ಬರ ಕೈ ಒಬ್ಬರು ಬಿಡಬಾರದು ಅಂತಾನೇ ನಮ್ಮವ್ವ ಹಂಗೆ ಬರೆಯೋಕೆ ಕಲಿಸಿದ್ದು. ಇದಕ್ಕಿಂತ ನೆಲ ಒರೆಸೋ ಬಟ್ಟೆ ಮಾಡ್ಕೊಂಡಿದ್ರೆ ವಾಸಿ," ಎಂದ ಅತ್ತೆ ಬಣ್ಣದ ಬಟ್ಟಲು ತೊಳೆದು ಮಗುಚಿಟ್ಟರು.

ಹಿರಿಸೊಸೆಯೂ ಕೈಚೆಲ್ಲಿದಳು. ಮಗ್ಗ ಬಿಚ್ಚಿ ಒಯ್ಯಲು ಬಡಗಿಗೆ ಹೇಳಿಯಾಯಿತು. ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಕೆಲಸ ಕೇಳಿಕೊಂಡೂ ಬಂದಳು. "ಗುಂಡೀಲಿ ಕೂತಿದ್ದು ಸಾಕು, ಇನ್ಮೇಲೆ ಅಂಗಿಗೆ ಗುಂಡಿ ಹಚ್ತೀನಿ," ಎಂದು ನಗಲು ನೋಡಿದಳು. ನಗು ಬರಲಿಲ್ಲ. ಮಗ್ಗ ಹೋದರೆ ಮತ್ತೆ ಬರುವುದಿಲ್ಲ, ಅತ್ತೆಯ ಚಿತ್ರವೂ ಅಲ್ಲಿಗೇ ಮುಗಿಯುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಸಂಕಟವಾಗುತ್ತಿತ್ತು. ಆದರೆ ಸಂಕಟಪಡುವುದಕ್ಕೂ ತ್ರಾಣ ಬೇಕಲ್ಲ.

ಆಗ ಬಂದವಳು ಅವಳ ಓರಗಿತ್ತಿ. ಬೀದಿಯ ಕೊನೆಯಲ್ಲಿ ಹೆಂಗಸರ ಉಡುಪು ಹೊಲಿಯುವ ಅವಳನ್ನು ಎಲ್ಲರೂ ಟೈಲರಮ್ಮ ಎನ್ನುತ್ತಿದ್ದರು. ಕೈಮಗ್ಗದ ಬಟ್ಟೆಯಲ್ಲಿ ಹೊಸ ಉಡುಪು ಹೊಲಿಯುವ ತರಬೇತಿ ಮುಗಿಸಿ ಬಂದಿದ್ದಳು. ಕಂಕುಳಲ್ಲಿ ಕಾಗದದ ಸುರುಳಿ.

"ಅಕ್ಕಾ, ಕತ್ತರಿ ಎಲ್ಲಿ ಓಡುತ್ತೆ ಅಂತ ಮೊದಲೇ ನಿಮಗೆ ಯಾರೂ ಹೇಳಲಿಲ್ಲ. ಎಡವಟ್ಟಾಗಿದ್ದು ಅಲ್ಲೇ," ಎನ್ನುತ್ತ ಸುರುಳಿ ಬಿಡಿಸಿದಳು. ಎದೆ, ಬೆನ್ನು, ತೋಳು, ಜೇಬು, ಒಂದೊಂದಕ್ಕೂ ಕಾಗದದ ಅಚ್ಚು. "ಇದನ್ನ ಬಟ್ಟೆ ಮೇಲಿಟ್ಟು ಗೆರೆ ಎಳೆಯೋಣ. ಗೆರೆಯೊಳಗೆ ಅತ್ತೆ ಬರೀಲಿ. ಕತ್ತರಿ ಆಮೇಲೆ."

"ನಿನ್ನ ಬಾಯಿಗೇನು ಸೊಂಟನೋವೇ, ಹೇಳ್ತೀಯ. ಈ ಬಟ್ಟೆ ಹಲಗೆ ಇದ್ದಂಗಿದೆ. ಯಾರು ಹಾಕ್ಕೋತಾರೆ?"

"ಸಣ್ಣ ನೂಲು ಹಾಕಿ ತೆಳ್ಳಗೆ ಒಂದು ನೇಯ್ದು ಕೊಡಿ. ನೇಯ್ಗೆ ನಿಮ್ಮದೇ, ಚಿತ್ರ ಅತ್ತೇದೇ, ಆಕಾರ ಮಾತ್ರ ಈಗಿನದು. ಜೇಬೂ ಇಡ್ತೀನಿ. ಜೇಬಿಲ್ಲ ಅಂತ ನನ್ನ ಹತ್ರ ಗೋಳಾಡದ ಹುಡುಗೀನೇ ಇಲ್ಲ."

"ಬಡಗಿ ಬರ್ತಾನೆ ಕಣೇ."

"ಬರೋ ಹೊತ್ತಿಗೆ ಬರಲಿ ಬಿಡಿ."

ಸಾಕಪ್ಪಾ ಸಾಕು ಎನ್ನುತ್ತಲೇ ಹಿರಿಸೊಸೆ ಮತ್ತೆ ಗುಂಡಿಗಿಳಿದಳು. ತೆಳ್ಳನೆಯ ಬಟ್ಟೆ ಮಗ್ಗದಿಂದ ಇಳಿಯಿತು. ಟೈಲರಮ್ಮ ಗೆರೆ ಎಳೆಯುವಾಗ ಅತ್ತೆ ಮುಖ ಗಂಟು ಹಾಕಿಕೊಂಡೇ ಪಕ್ಕದಲ್ಲಿ ಬಂದು ಕೂತರು.

"ಹೊಲಿಗೆ ಎಲ್ಲಿ ಬೀಳುತ್ತೆ?"

"ಇಲ್ಲಿ ಅತ್ತೆ, ಪಕ್ಕದಲ್ಲಿ."

ಅತ್ತೆ ಎದೆಯ ತುಂಡಿನ ಅಂಚಿಗೆ ಒಬ್ಬಳ ಕೈ, ಬೆನ್ನಿನ ತುಂಡಿನ ಅಂಚಿಗೆ ಇನ್ನೊಬ್ಬಳ ಕೈ ಬರೆದರು. ಹೊಲಿದಾಗ ಎರಡೂ ಕೂಡಬೇಕು. ಆದರೆ ಅಯ್ಯೋ, ಹೊಲಿಗೆ ಬೆರಳುಗಳನ್ನೆಲ್ಲ ನುಂಗಿಹಾಕಿತು! ಉಳಿದದ್ದು ಮೊಂಡುಗೈಯ ಹೆಂಗಸರು.

ಟೈಲರಮ್ಮ ನಾಲಿಗೆ ಕಚ್ಚಿಕೊಂಡಳು. "ಹೊಲಿಗೆಗೆ ಅಂಚು ಬಿಡಬೇಕು ಅಂತ ಹೇಳೋದೇ ಮರೆತೆ."

"ಭಾರೀ ತರಬೇತಿ ನಿಂದು," ಎಂದರು ಅತ್ತೆ. "ಇನ್ನೊಂದು ತುಂಡು ಕೊಡಿಲ್ಲಿ."

ಈ ಸಲ ಅಂಚಿನಿಂದ ಬೆರಳಗಲದಷ್ಟು ಒಳಗೆ ಇನ್ನೊಂದು ಗೆರೆ ಎಳೆದು, ಅಲ್ಲಿಗೇ ಕೈ ನಿಲ್ಲಿಸಿದರು. ಹೊಲಿದು ತಿರುಗಿಸಿದಾಗ ಎದೆಯವಳ ಕೈ ಬೆನ್ನಿನವಳ ಕೈಯಲ್ಲಿತ್ತು. ಅತ್ತೆ ಹೆಬ್ಬೆರಳಿನಿಂದ ಸವರಿ ನೋಡಿ, "ಹಿಡ್ಕೊಂಡ್ರು," ಎಂದರು. ಹಿರಿಸೊಸೆಗೆ ಕಣ್ಣು ತುಂಬಿ ಬಂತು.

ಟೈಲರಮ್ಮನ ಅಂಗಡಿಯಲ್ಲಿ ಅದನ್ನು ತೊಟ್ಟು ನೋಡಿದ ಹುಡುಗಿಯೊಬ್ಬಳು ಜೇಬಿಗೆ ಕೈ ಇಳಿಬಿಟ್ಟವಳು ಬಿಚ್ಚಲೇ ಇಲ್ಲ. ಕಚೇರಿಗೆ ಅದನ್ನೇ ಹಾಕಿಕೊಂಡು ಹೋದಳು. ಅವಳ ಗೆಳತಿಯರಿಗೂ ಬೇಕಂತೆ.

ಬಡಗಿ ಬಂದು, "ಎಲ್ಲಿಂದ ಬಿಚ್ಚಲಮ್ಮ?" ಎಂದ.

ಹಿರಿಸೊಸೆ ಲಾಳಿ ಕೆಳಗಿಡಲಿಲ್ಲ. "ಬಿಚ್ಚೋದು ಬೇಡಪ್ಪ. ಕೂರೋ ಹಲಗೆ ಸ್ವಲ್ಪ ಎತ್ತರ ಮಾಡಿಕೊಡು. ಸೊಂಟ ತಡೀತಿಲ್ಲ, ಇನ್ನೂ ಬಹಳ ದಿನ ಕೂರಬೇಕು."

ಓದುತ್ತಿರುವ ಅಕ್ಕತಂಗಿಯರೇ, ನೇಯುವವರು, ಬರೆಯುವವರು, ಹೊಲಿಯುವವರು ಕತ್ತರಿ ಹಾಕುವ ಮೊದಲು ಒಂದೆಡೆ ಕೂತು ಮಾತಾಡಿ. ಹೊಲಿಗೆಯ ಅಂಚು ಬಿಟ್ಟು ಬರೆಯಿರಿ. ಕೊಳ್ಳುವವರೇ, ದಿನವೂ ತೊಡುವ ಉಡುಪಿನಲ್ಲಿ ಒಂದಾದರೂ ಕೈಮಗ್ಗದ್ದಿರಲಿ. ಇದನ್ನು ನೇಯ್ದವರು ಯಾರು, ಚಿತ್ರ ಬರೆದವರು ಯಾರು ಎಂದು ಅಂಗಡಿಯಲ್ಲಿ ಬಾಯಿಬಿಟ್ಟು ಕೇಳಿ. ದಣಿದ ಕೈಗಳು ಎಷ್ಟೋ ಮನೆಗಳಲ್ಲಿ ಬಡಗಿಗೆ ಹೇಳಿ ಕಳಿಸಿವೆ. ಅವನು ಮಗ್ಗ ಬಿಚ್ಚಲು ಬರುವ ಮೊದಲು ಆ ಮನೆಗಳಿಗೆ ನೀವು ಹೋಗಿ.