ಮ್ಯಾಂಚೆಸ್ಟರ್ ಹುಡುಗರ ಹಾಡು

ಬೋದ್ನಾರನ ಬಾರಿನಲ್ಲಿ ಒಂದೇ ಕಟ್ಟಳೆ: ರೇಡಿಯೊದಲ್ಲಿ ಬಂದ ಹಾಡನ್ನಷ್ಟೇ ನುಡಿಸಬೇಕು. ವಾರವಿಡೀ ಉಕ್ಕಿನ ಕಾರ್ಖಾನೆಯಲ್ಲಿ ಬೆಂದು ಬಂದ ಜನ ಗೊತ್ತಿಲ್ಲದ ಹಾಡಿಗೆ ಕುಣಿಯುವುದಿಲ್ಲ. ಕುಣಿಯದಿದ್ದರೆ ಬಾಯಾರುವುದಿಲ್ಲ, ಬಾಯಾರದಿದ್ದರೆ ಬಿಯರ್ ಖರ್ಚಾಗುವುದಿಲ್ಲ. ೧೯೬೫ರ ಲೊರೇನ್ ಊರಿನಲ್ಲಿ ಇದಕ್ಕಿಂತ ದೊಡ್ಡ ಸಂಗೀತಶಾಸ್ತ್ರ ಇರಲಿಲ್ಲ.

ಮುಂದೆ ದೇಶಕ್ಕೆಲ್ಲ ಗೊತ್ತಾದ ಮಿಲಾನ್ ಹುದಾಕ್ ಆಗ ಆ ಬಾರಿನ ಮೂಲೆಯಲ್ಲಿ ಗಿಟಾರ್ ಬಾರಿಸುತ್ತಿದ್ದ ಹತ್ತೊಂಬತ್ತರ ಹುಡುಗ. ಅಪ್ಪ ಓಂದ್ರೆಯ್ ಕಾರ್ಖಾನೆಯ ಕುಲುಮೆಯ ಮುಂದೆಯೇ ತಲೆ ನರೆಸಿಕೊಂಡವನು. ಮಗನಿಗೂ ಅಲ್ಲೇ ಕೆಲಸ ಗೊತ್ತುಮಾಡಿದ್ದ. ಅಮ್ಮ ಅತ್ತು ಕರೆದ ಮೇಲೆ ಒಂದು ಮಾತಿಗೆ ಒಪ್ಪಿದ: "ಶನಿವಾರ ಬಂದು ಕೇಳ್ತೀನಿ. ನಿಂದೂ ಅಂತ ಏನಾದ್ರೂ ಇದ್ರೆ ಒಂದು ವರ್ಷ ಎಲ್ಲಿ ಬೇಕಾದ್ರೂ ಅಲಿ. ಇಲ್ದಿದ್ರೆ ಸೋಮವಾರ ನನ್ಜೊತೆ ಹೊರಡು."

ತನ್ನದೆಂಬ ಹಾಡೊಂದು ಮಿಲಾನ್ ಬಳಿ ಇತ್ತು. ಆದರೆ ಬೋದ್ನಾರ್ ಬಿಡಬೇಕಲ್ಲ!

"ಅದ್ಯಾವ್ದೋ ಹೊಸ ಹಾಡು ಅಭ್ಯಾಸ ಮಾಡ್ತಿದ್ದೆ?" ಎಂದು ಬೋದ್ನಾರ್ ಶನಿವಾರ ಮಧ್ಯಾಹ್ನವೇ ಹುಬ್ಬೇರಿಸಿದ.

"ಇಂಗ್ಲೆಂಡಿಂದು. ಮ್ಯಾಂಚೆಸ್ಟರ್ ಹುಡುಗರದ್ದು. ರೇಡಿಯೊದಲ್ಲಿ ಈಗ ಅದೇ ಅಲ್ವಾ, ನೀವು ಕೇಳಿಲ್ವಾ?"

"ಓಹೋ, ಅದಾ! ಕೇಳ್ದೆ ಇರ್ತೀನಾ? ಹೊಡಿ, ಹೊಡಿ."

ಗೊತ್ತಿಲ್ಲ ಎನ್ನುವ ಮಾತು ಬೋದ್ನಾರನ ಜಾಯಮಾನದಲ್ಲೇ ಇರಲಿಲ್ಲ. ಮಿಲಾನ್ ಒಳಗೊಳಗೇ ನಕ್ಕ.

ಸಂಜೆ ಓಂದ್ರೆಯ್ ಚರ್ಚಿಗೆ ಹಾಕುವ ಕೋಟು ತೊಟ್ಟು ಮುಂದೆಯೇ ಕುಳಿತ. ಮೊದಲ ಹಾಡುಗಳಿಗೆ ಅವನ ಮುಖ ಕಲ್ಲು. ಬೋದ್ನಾರ್ ಪಕ್ಕದಲ್ಲೇ ನಿಂತಿದ್ದ. ಮಿಲಾನ್ "ಈಗ ಮ್ಯಾಂಚೆಸ್ಟರ್ ಹುಡುಗರ ಹಾಡು" ಎಂದು ಹೇಳಿ ಶುರುಮಾಡಿದ. ಪಾಳಿ ಮುಗಿಸಿ ಬಂದು, ಬೂಟು ಕೂಡ ಬಿಚ್ಚದೆ ಕುರ್ಚಿಯಲ್ಲೇ ನಿದ್ದೆ ಹೋಗುವ ಗಂಡಸಿನ ಹಾಡು ಅದು. ಜನ ಕುಣಿದರು. ಓಂದ್ರೆಯ್ ಕುಣಿಯಲಿಲ್ಲ, ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡ. ಅಪ್ಪ ಅತ್ತದ್ದನ್ನು ಮಿಲಾನ್ ಅದೇ ಮೊದಲು ಕಂಡದ್ದು.

ಹಾಡೆಲ್ಲ ಮುಗಿದದ್ದೇ ಅಪ್ಪನ ಬಳಿ ಓಡಿದ.

"ಕೊನೇದು ಹಾಡು ಅಂದ್ರೆ ಹಾಡು. ಆ ಹುಡುಗ್ರ ಅಪ್ಪನೂ ಕುಲುಮೇಲೇ ದುಡಿದಿರ್ಬೇಕು. ನೀನು ಅಂಥದ್ದೊಂದು ಮಾಡಿದ್ರೆ ನಾನೇ ಬಸ್ ಹತ್ತಿಸ್ತಿದ್ದೆ" ಎಂದ ಓಂದ್ರೆಯ್.

"ಅದು ನಂದೇ ಅಪ್ಪ! ಬೋದ್ನಾರ್ ಬಿಡಲ್ಲ ಅಂತ ಸುಳ್ಳು ಹೇಳ್ದೆ."

ಓಂದ್ರೆಯ್ ಮಗನನ್ನು ದಿಟ್ಟಿಸಿದ. ಆಮೇಲೆ ಬೋದ್ನಾರನನ್ನು ಕರೆದ. "ಏನಯ್ಯಾ, ಆ ಕೊನೇ ಹಾಡು ಯಾರ್ದು?"

"ಮ್ಯಾಂಚೆಸ್ಟರ್ ಹುಡುಗರದ್ದು! ನಾನೇ ರೇಡಿಯೊದಲ್ಲಿ ಕೇಳಿದೀನಿ."

"ಇವನು ತನ್ನದು ಅಂತಾನೆ."

"ಇವಂದಾ?" ಬೋದ್ನಾರ್ ಹೊಟ್ಟೆ ಹಿಡಿದು ನಕ್ಕ.

"ದೇವರಾಣೆ, ನೀವು ಕೇಳಿರಕ್ಕೆ ಸಾಧ್ಯನೇ ಇಲ್ಲ!" ಮಿಲಾನ್ ಕೂಗಿದ.

"ನನ್ ಕಿವೀನೇ ಸುಳ್ಳಾ? ಇನ್ನೂ ಚೆನ್ನಾಗಿ ಹಾಡ್ತಾರೆ ಅವರು."

ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದಿದ್ದ ಮಿಲಾನ್. ಅಪ್ಪ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಇಷ್ಟು ವರ್ಷದಲ್ಲಿ ಕಾರ್ಖಾನೆಯಿಂದ ಒಂದು ಬೋಲ್ಟೂ ಕದ್ದು ತಂದವನಲ್ಲ ನಾನು" ಎಂದ ಮೆಲ್ಲಗೆ. "ಕೆಟ್ಟದಾಗಿ ಹಾಡು, ಪರವಾಗಿಲ್ಲ. ಇನ್ನೊಬ್ರದ್ದನ್ನ ನಂದು ಅನ್ಬೇಡ."

ಸೋಮವಾರ ಇಬ್ಬರೂ ಕಾರಿನಲ್ಲಿ ಹೊರಟರು. ಮಿಲಾನ್ ತೊಡೆಯ ಮೇಲೆ ಹೊಸ ಹೆಲ್ಮೆಟ್ಟು. ಸೇತುವೆ ದಾಟುವಾಗ ಓಂದ್ರೆಯ್ ಅದೇ ಹಾಡನ್ನು ಗುನುಗತೊಡಗಿದ, ಎರಡನೆಯ ಸಾಲನ್ನು ತಪ್ಪಾಗಿ. ಮಿಲಾನ್ ತಡೆದುಕೊಳ್ಳಲು ನೋಡಿದ, ಆಗಲಿಲ್ಲ.

"ಅದು ಹಾಗಲ್ಲ ಅಪ್ಪ. ಅಲ್ಲಿ ರಾಗ ಇಳೀಬೇಕು."

"ಸುಮ್ನಿರೋ" ಎಂದ ಓಂದ್ರೆಯ್. "ನಿಂಗ್ ಜಾಸ್ತಿ ಗೊತ್ತಾ, ಹಾಡು ಮಾಡಿದೋರಿಗಾ?"

ಎಂದವನು ಮತ್ತೆ ಮೊದಲಿನಿಂದ, ಮನಸಿಟ್ಟು ಗುನುಗಿದ. ಮಿಲಾನ್ ಕಾರ್ಖಾನೆಯ ಗೇಟು ಬರುವವರೆಗೆ ಕಿಟಕಿಯ ಕಡೆಗೇ ಮುಖ ಮಾಡಿ ಕುಳಿತಿದ್ದ.